ವೇಗಕ್ಕೊಂದು ಮಿತಿ

೨೦೨೪ರ ಮಾರ್ಚ್ ೧೧, ಸೋಮವಾರ, ಸಂಜೆ ೫ ಗಂಟೆ ೪೦ ನಿಮಿಷ.

"ಮುಟ್ಟಬೇಡಿ!"

ಸ್ವಿಚ್ಚಿನತ್ತ ಚಾಚಿದ ಅವಳ ಮಣಿಕಟ್ಟನ್ನು ಅಪರಿಚಿತ ಕೈಯೊಂದು ಹಿಡಿದುಬಿಟ್ಟಿತು. ಮೇಜಿನ ಕೆಳಗಿನಿಂದ ಧೂಳು ಮೆತ್ತಿದ ತಲೆಯೊಂದು ಹೊರಬಂತು.

"ಯಾರ್ರೀ ನೀವು? ನನ್ನ ರೂಮಲ್ಲಿ ಏನ್ಮಾಡ್ತಿದ್ದೀರಾ?"

"ಕಾಪಿ ಆಗ್ತಿದೆ... ಈ ಹಳೇ ಡಿಸ್ಕ್ ಒಂದ್ಸಲ ನಿಂತ್ರೆ ಮತ್ತೆ ಏಳುತ್ತೋ ಇಲ್ವೋ!"

ಬಾಗಿಲಲ್ಲಿ ಅಮ್ಮ ನಗುತ್ತ ನಿಂತಿದ್ದರು. "ಹೆದರ್ಬೇಡ್ವೇ, ಡಿಸ್ಕ್ ಡಾಕ್ಟ್ರು. ನಾನೇ ಕರೆಸಿದ್ದು."

ಅವನು ಆಗ ಕೈ ಬಿಟ್ಟ. ತುಸು ತಡವಾಗಿ ಬಿಟ್ಟನೇ? ಅವಳಿಗೆ ಗೊತ್ತಾಗಲಿಲ್ಲ.

ಅಪ್ಪನಿಗೆ ಕ್ಯಾಮೆರಾ ಹುಚ್ಚು. ಮನೆಯವರು ಸೀನಿದ್ದನ್ನೂ ಬಿಡದೆ ಚಿತ್ರೀಕರಿಸಿದ್ದರು. ಅದೆಲ್ಲ ನಾಲ್ಕು ಸಣ್ಣ ಡಿಸ್ಕ್‌ಗಳಲ್ಲಿ ತುಂಬಿ, ಮನೆಯ ನೆಟ್‌ವರ್ಕಿಗೆ ಸೇರಿಸಿದ ಹಳೆಯ ಪೆಟ್ಟಿಗೆಯಲ್ಲಿ ಗುರುಗುಟ್ಟುತ್ತಿತ್ತು. ಈಗ ಅಷ್ಟನ್ನೂ ಹೊಸ ಪೆಟ್ಟಿಗೆಯ ಒಂದೇ ದೊಡ್ಡ ಡಿಸ್ಕಿಗೆ ಸಾಗಿಸಬೇಕಿತ್ತು.

ಮರುದಿನ ಸಂಜೆಯೂ ಅವನು ಬಂದ. ಅದರ ಮರುದಿನವೂ. ಹಳೆಯ ಡಿಸ್ಕಿಗೆ ಜ್ವರ ಬಂದಿದೆಯೇ ಎಂಬಂತೆ ಅಂಗೈ ಇಟ್ಟು ನೋಡುತ್ತಿದ್ದ. ಆಮೇಲೆ ಅವಳತ್ತ ತಿರುಗುತ್ತಿದ್ದ.

"ಇವತ್ತು ನೀರು ಹೇಗಿತ್ತು?"

ಅವಳು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಳು. ಈ ಪ್ರಶ್ನೆಯನ್ನು ಮನೆಯಲ್ಲಿ ಯಾರೂ, ಒಮ್ಮೆಯೂ ಕೇಳಿರಲಿಲ್ಲ.

"ಸ್ವಲ್ಪ ಕದಡಿತ್ತು," ಎಂದಳು ಒಂದು ದಿನ.

"ನೀರಾ, ನೀವಾ?"

ಅವಳು ಮುಖ ತಿರುಗಿಸಿಕೊಂಡಳು. ಛೇ! ಇಷ್ಟು ಸಣ್ಣ ಮಾತಿಗೆ ಕಿವಿ ಯಾಕೆ ಬಿಸಿಯಾಗಬೇಕು?

ಶುಕ್ರವಾರ ಅಣ್ಣ ಕಿಚಾಯಿಸಿದ. "ಏನೇ, ನಿನ್ನ ಡಾಕ್ಟ್ರ ಆಪರೇಷನ್ ಇನ್ನೂ ಮುಗಿದಿಲ್ವಾ?"

"ನನ್ನ ಡಾಕ್ಟ್ರಂತೆ! ಸುಮ್ನಿರೋ."

"ಸುಮ್ನೆ ಕೇಳಿದೆ ಮಾರಾಯ್ತಿ. ನಮ್ಮ ವಿಡಿಯೋನೆಲ್ಲ ಬೇರೆಲ್ಲಿಗಾದ್ರೂ ಸಾಗಿಸ್ತಿದ್ದಾನಾ ಅಂತ ನೋಡ್ಕೋ."

ತಮಾಷೆಯೇ. ಆದರೂ ಚುಚ್ಚಿತು. ಅವಳು ಪರದೆಯ ಮುಂದೆ ಕೂತಳು. ಒಟ್ಟು ಆರು ಟೆರಾಬೈಟ್. ಈ ಕೇಬಲ್ಲಿನಲ್ಲಿ ಸೆಕೆಂಡಿಗೆ ನೂರು ಮೆಗಾಬೈಟಿಗೂ ಹೆಚ್ಚು ಹರಿಯಬೇಕು. ಹದಿನೈದು ಗಂಟೆ, ಹೆಚ್ಚೆಂದರೆ ಹದಿನೇಳು. ಪರದೆ ತೋರಿಸುತ್ತಿದ್ದ ವೇಗ ಬರೀ ಹನ್ನೆರಡು ಮೆಗಾಬೈಟ್!

ಲೆಕ್ಕ ತಾಳೆಯಾಗುತ್ತಿಲ್ಲ. ಇವನಿಗೆ ಕೆಲಸ ಬರುವುದಿಲ್ಲವೇ? ಇವನು ಕಳ್ಳನೇ? ಅಥವಾ...

ಆ ಮೂರನೆಯದನ್ನು ಪೂರ್ತಿಮಾಡಲು ಅವಳಿಗೆ ಧೈರ್ಯವಾಗಲಿಲ್ಲ. ಅದು ಸುಳ್ಳಾದರೆ? ನೀರಿನ ಬಗ್ಗೆ ಕೇಳಿದ್ದೂ ಬರೀ ಹೊತ್ತು ಕಳೆಯಲೇ ಆಗಿದ್ದರೆ?

ಸಂಜೆ ಅವನು ಒಳಗೆ ಬಂದು ಕೂರುವ ಮುನ್ನವೇ ಕೇಳಿದಳು.

"ಹದಿನೈದು ಗಂಟೆ ಕೆಲ್ಸ ಇದು. ಐದನೇ ದಿನವೂ ನಡೀತಿದೆ. ಯಾಕೆ?"

ಅವನ ಮುಖ ಬಿಳಿಚಿಕೊಂಡಿತು.

"ಮೊದಲ್ನೇ ಡಿಸ್ಕ್ ವಿಪರೀತ ಬಿಸಿಯಾಗ್ತಿತ್ತು. ಅದಕ್ಕೇ ವೇಗಕ್ಕೆ ಮಿತಿ ಹಾಕಿದ್ದೆ."

"ಅದು ಮುಗಿದು ಎರಡು ದಿನ ಆಯ್ತಲ್ಲ?"

"ಆಯ್ತು."

"ಮತ್ತೆ ಮಿತಿ?"

ಅವನು ತಲೆ ತಗ್ಗಿಸಿದ. "ತೆಗೀಲಿಲ್ಲ."

"ಮರೆತ್ರಾ?"

"ಇಲ್ಲ... ದಿನಾ ನೆನಪಿತ್ತು."

ಅವಳಿಗೆ ಕೋಪ ಬರಬೇಕಿತ್ತಲ್ಲ? ಎಲ್ಲಿ ಹೋಯಿತು?

"ತಪ್ಪು ನಂದೇ," ಎಂದ ಅವನು, ಮೆಲ್ಲಗೆ. "ಕೆಲ್ಸ ಮುಗಿದ್ರೆ ನಿಮ್ಮನೆಗೆ ಬರೋಕೆ ನೆಪ ಇರಲ್ಲ ಅಂತ... ನೇರವಾಗಿ ಹೇಳೋಕೆ ಬಾಯಿ ಬರ್ಲಿಲ್ಲ. ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ. ನಾ ಹೊರಡ್ತೀನಿ."

ಎದ್ದುಬಿಟ್ಟ!

ಯೋಚಿಸುವ ಮೊದಲೇ ಅವಳ ಕೈ ಅವನ ಮಣಿಕಟ್ಟನ್ನು ಹಿಡಿದಿತ್ತು. ಸೋಮವಾರ ಅವನು ಹಿಡಿದಿದ್ದ ಹಾಗೆಯೇ.

"ಡಾಕ್ಟ್ರು ಅರ್ಧಕ್ಕೇ ಎದ್ದು ಹೋಗ್ತಾರಾ?"

ಅವನು ಗೊಂದಲದಿಂದ ನೋಡಿದ. ಸದ್ಯ, ಗೊಂದಲ ತನ್ನೊಬ್ಬಳದೇ ಅಲ್ಲ ಎಂದು ಅವಳಿಗೆ ನಗು ಬಂತು.

"ಆ ಮಿತಿ ಎಲ್ಲಿದೆ ತೋರಿಸಿ."

"ತೆಗೆದ್ರೆ ಇವತ್ತು ರಾತ್ರಿಯೇ ಮುಗಿದುಹೋಗುತ್ತೆ."

"ಮುಗೀಲಿ."

"ಆಮೇಲೆ...?"

"ಆಮೇಲೆ ನಾಳೆ ಸಂಜೆ ನೆಪ ಇಲ್ದೇ ಬನ್ನಿ. ನೀರು ಹೇಗಿತ್ತು ಅಂತ ಕೇಳೋರು ಬೇಕಲ್ಲ ನಂಗೆ!"

ಅಡುಗೆಮನೆಯಿಂದ ಅಮ್ಮ ಕೂಗಿದರು. "ಡಾಕ್ಟ್ರೇ, ಪೇಷಂಟ್ ಹೇಗಿದೆ?"

"ಇಬ್ರೂ ಹುಷಾರು ಅಮ್ಮಾ!" ಎಂದು ಅವಳೇ ಕೂಗಿ ಹೇಳಿ ನಾಲಿಗೆ ಕಚ್ಚಿಕೊಂಡಳು.

ಅವನು ನಗುತ್ತ ಪರದೆಯ ಮೇಲೊಂದು ಚೌಕ ತೋರಿಸಿದ. ಅವಳು ಅದರೊಳಗಿನ ಗುರುತನ್ನು ಅಳಿಸಿದಳು. ಇನ್ನೊಂದು ಕೈಯಲ್ಲಿ ಹಿಡಿದಿದ್ದ ಅವನ ಮಣಿಕಟ್ಟನ್ನು ಅವಳು ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.

ಹನ್ನೆರಡು ಇದ್ದ ಸಂಖ್ಯೆ ಒಂದು ಕ್ಷಣ ತಡವರಿಸಿ, ಏರಿ, ನಿಂತಿತು.

ಸೆಕೆಂಡಿಗೆ ೧೧೨ ಮೆಗಾಬೈಟ್.