ನೀಲಿ ಹಾಳೆಯ ಮೂಲೆಯಲ್ಲೊಂದು ಕಿವಿ

"ಈ ಹಕ್ಕಿ ಯಾಕೆ ಬಂತು?"

ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅವನು ಕೇಳಿದ. ಕರಡಿಮರಿಯ ಅನಿಮೇಷನ್ ಚಿತ್ರದ ನಿರ್ದೇಶಕ ಅವನು. ಅದಕ್ಕೆ ಪೋಸ್ಟರ್ ಮಾಡಿಕೊಡುವವಳು ಅವಳು. ಅವಳ ಮನೆಯ ಎರಡನೇ ಕುರ್ಚಿಯ ಮೇಲೆ ಪುಸ್ತಕಗಳ ರಾಶಿ, ಹಾಗಾಗಿ ಬಂದಾಗಲೆಲ್ಲ ಅವನು ನಿಂತೇ ನೋಡುತ್ತಿದ್ದ.

"ಸುಮ್ನೆ. ಖಾಲಿ ಖಾಲಿ ಅನ್ನಿಸ್ತು," ಎಂದಳು, ಕಣ್ಣು ತಪ್ಪಿಸಿ.

ಕೇಳಿ ಮತ್ತೆ! ಖಾಲಿಯೇ ಅವಳ ಕಸುಬು. ಹತ್ತು ಗೆರೆ ಇರುವಲ್ಲಿ ಒಂಬತ್ತನ್ನು ಅಳಿಸಿ, ಉಳಿದ ಒಂದರಿಂದಲೇ ಕಥೆ ಹೇಳಿಸುವವಳೆಂದು ಹೆಸರಾದವಳು. ಈ ಪೋಸ್ಟರೂ ಮೊದಲ ಸಲಕ್ಕೇ ಮುಗಿದಿತ್ತು: ಬರೀ ನೀಲಿ, ಕೆಳಗಿನ ಮೂಲೆಯಲ್ಲಿ ಇಣುಕುವ ಒಂದು ಕರಡಿಕಿವಿ. ಅದನ್ನು ನೋಡಿ ಅವನು ಪರದೆಯ ಮೇಲೆಯೇ ಆ ಕಿವಿಯನ್ನು ಬೆರಳಿನಿಂದ ಮೆಲ್ಲಗೆ ಸವರಿದ್ದ.

"ಪಾಪ, ಯಾರಾದ್ರೂ ಕರೀತಾರೇನೋ ಅಂತ ಕಾಯ್ತಿದೆ," ಅಂದಿದ್ದ ಆಮೇಲೆ.

ಅಷ್ಟೇ. ಅವಳು ಕರಗಿಹೋದಳು.

ಆದರೆ ಪೋಸ್ಟರ್ ಮುಗಿದರೆ ಅವನೇಕೆ ಬರುತ್ತಾನೆ? ಬೇರೆ ಯಾರೂ ಬಾಗಿಲು ತಟ್ಟದ ಮನೆ ಅದು. ಒಂದೇ ತಟ್ಟೆ, ಒಂದೇ ಲೋಟ ತೊಳೆದು ಬೋರಲು ಹಾಕಿದರೆ ಸಂಜೆ ಮುಗಿಯಿತು. ಅಕ್ಕ ಫೋನ್ ಮಾಡಿದಾಗ ಆ ದಿನದ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. "ಶೀತಾನೇನೇ?" ಎಂದು ಅಕ್ಕ ಕೇಳಿದರೆ "ಹೂಂ" ಎಂದುಬಿಡುತ್ತಿದ್ದಳು.

ಅದಕ್ಕೇ "ಇನ್ನೂ ತಿದ್ದೋದಿದೆ" ಎಂದು ಸುಳ್ಳು ಹೇಳಿ, ಬೇಕೆಂದೇ ಒಮ್ಮೆ ಚಂದ್ರನನ್ನು ಏರಿಸಿದಳು, ಇನ್ನೊಮ್ಮೆ ಮರ ನೆಟ್ಟಳು. ಅವನು ಬಂದು "ತೆಗೀರಿ" ಅನ್ನಬೇಕು, ಇವಳು ಮುಖ ಊದಿಸಿಕೊಳ್ಳಬೇಕು. ನಾಚಿಕೆಗೆಟ್ಟ ಆಟವೆಂದು ಗೊತ್ತಿದ್ದರೂ ಬಿಡಲಾಗಲಿಲ್ಲ.

ಇವತ್ತು ಅವನು ಹಾಗನ್ನಲಿಲ್ಲ. ಹಕ್ಕಿಯನ್ನು ಬಿಟ್ಟು ಅವಳನ್ನೇ ಓರೆಗಣ್ಣಲ್ಲಿ ನೋಡಿ, ತುಟಿಯಂಚಿನಲ್ಲಿ ನಕ್ಕ.

"ಹಕ್ಕಿ ಇರ್ಲಿ ಬಿಡಿ."

ಅವಳು ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು. "ಅಂದ್ರೆ... ಕೆಲ್ಸ ಮುಗೀತಾ?"

"ಮುಗಿದು ಎಷ್ಟೋ ದಿನ ಆಯ್ತು."

ಬ್ಯಾಗಿನಿಂದ ಸುರುಳಿಯೊಂದನ್ನು ತೆಗೆದು ಬಿಡಿಸಿದ. ಅಚ್ಚಾಗಿ ಬಂದ ಪೋಸ್ಟರ್. ಬರೀ ನೀಲಿ, ಮೂಲೆಯಲ್ಲಿ ಒಂದು ಕಿವಿ.

"ನೀವು ಮೊದ್ಲು ಕಳಿಸಿದ್ದನ್ನೇ ಪ್ರೆಸ್‌ಗೆ ಕೊಟ್ಬಿಟ್ಟೆ."

"ಅಯ್ಯೋ! ಮತ್ತೆ ಮರ ತೆಗೀರಿ, ಚಂದ್ರ ತೆಗೀರಿ ಅಂತ ಇಷ್ಟು ದಿನ ನನ್ನ ಜೀವ ತಿಂದಿದ್ದು?"

"ನೀವು ಹಾಕ್ತಾ ಇದ್ರಿ, ನಾನು ಬರ್ತಾ ಇದ್ದೆ. ನೀವು ನಿಲ್ಸಿದ್ರೆ ನಾನ್ಯಾವ ನೆಪ ಹುಡುಕ್ಲಿ?" ಅವನ ನಗು ಮಾಸಿತು. "ನಮ್ಮನೇಲೂ ಯಾರೂ ಇಲ್ಲ ರೀ. ಆ ಕಿವಿ ನೋಡಿದ್ರೆ ನನ್ನದೇ ಅನ್ಸುತ್ತೆ."

"ಅಲ್ಲ, ಅದು ನಂದು," ಎಂದಳು. ಕಣ್ಣು ತುಂಬಿಬಂದಿತ್ತು. "ಯಾರಾದ್ರೂ ಬರ್ಲಿ ಅಂತ ಕಾಯ್ತಿತ್ತು. ಈಗ ಯಾರಾದ್ರೂ ಅಲ್ಲ, ನೀವೇ ಬೇಕು."

ಅವನು ಸುರುಳಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅವಳು ಎದ್ದು, ಎರಡನೇ ಕುರ್ಚಿಯ ಮೇಲಿನ ಪುಸ್ತಕಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟಳು.

"ಕೂತ್ಕೊಳ್ಳಿ," ಎಂದಳು, "ಇನ್ಮೇಲೆ ಬರೋಕೆ ನೆಪ ಬೇಡ."