ಹಸಿರಾದ ನೀರು

ಮೀನುಮರಿಯೊಂದಕ್ಕೆ ಎರಡೂವರೆ ರೂಪಾಯಿ, ಹಿಂಡಿ ಮೂಟೆಗೆ ಒಂಬೈನೂರು. ಕಾವಲಿಗೆ ಮಾತ್ರ ಖರ್ಚಿಲ್ಲ. ಮೀನು ಸಾಕುವ ಕೊಳದಮ್ಮ ತಾನೇ ಹದಿನಾಲ್ಕು ತಿಂಗಳು ಕಾದಿದ್ದಳು. ಆ ಬೆಳಗ್ಗೆ ಆರುನೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಯಾರ ಮೇಲಾದ್ರೂ ಅನುಮಾನ ಇದೆಯಾ ತಾಯಿ?” ಪೊಲೀಸ್ ದಫೇದಾರ ಕೇಳಿದ.

ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಆಕೆ ಬಾಯಿ ತೆರೆಯುವ ಮೊದಲೇ ಪಕ್ಕದ ಹೊಲದ ಕೋಸಿನವನು ಹೇಳಿದ: “ಮೀನು ವ್ಯಾಪಾರಿ ಸಾರ್. ಹೋದ ವಾರ ಬೆಲೆಗೆ ಜಗಳ ಆಡಿದ್ದ. ವಿಷ ಹಾಕಿರ್ತಾನೆ.”

“ಇವನು ನನ್ನ ತಮ್ಮ ಇದ್ದ ಹಾಗೆ,” ಎಂದಳು ಆಕೆ, ಕೋಸಿನವನತ್ತ ತೋರಿಸಿ. “ಮನೆಯವರು ಹೋದ್ಮೇಲೆ ಸಂಜೆ ಬದುವಿನ ಮೇಲೆ ಕೂತು ನಾಲ್ಕು ಮಾತಾಡೋನು ಇವನೊಬ್ಬನೇ.”

* * *

ವ್ಯಾಪಾರಿ ಐಸ್ ಪೆಟ್ಟಿಗೆ ತುಂಬುತ್ತಲೇ ನಕ್ಕ. “ಬೈಕೊಂಡರೂ ಆ ಮೀನು ನಾನೇ ತಗೋಬೇಕಿತ್ತು ಸಾರ್. ಕೂತ ಕೊಂಬೆ ಕಡಿಯೋಕೆ ನನಗೇನು ಹುಚ್ಚಾ?”

ಮಾತು ಸರಿಯೆನಿಸಿತು. ದಫೇದಾರ ಕೊಳಕ್ಕೆ ಮರಳಿದ. ಸತ್ತದ್ದೆಲ್ಲ ದೊಡ್ಡ ಮೀನು. ಬೆರಳುದ್ದದವು ಇನ್ನೂ ಓಡಾಡುತ್ತಿದ್ದವು. ಕಪ್ಪೆಗಳೂ ಇದ್ದವು. ಕೊಳದ ಮೆಟ್ಟಿಲ ಸಂದಿಯಲ್ಲಿ ಒಂದಿಷ್ಟು ಬಿಳಿ ಹರಳು, ಮುಟ್ಟಿದರೆ ಅಂಟು. ಪಕ್ಕದ ಹೊಲದಲ್ಲಿ ಕೋಸು ಕಡುಹಸಿರು. ಕೊನೆಯ ಸಾಲುಗಳು ಮಾತ್ರ ಹಳದಿ.

* * *

“ವಿಷ ಅಲ್ಲ,” ಎಂದ ದಫೇದಾರ. “ವಿಷ ಆಗಿದ್ರೆ ಮರಿಗಳೇ ಮೊದಲು ಹೋಗೋವು. ಇವು ಉಸಿರುಕಟ್ಟಿ ಸತ್ತಿವೆ. ಗೊಬ್ಬರ ಹೆಚ್ಚಾಗಿ ಪಾಚಿ ಉಕ್ಕಿದೆ. ಮೂರು ದಿನ ಮೋಡ ಬೇರೆ. ಬಿಸಿಲಿಲ್ಲದ ಪಾಚಿ ನೀರಿನ ಉಸಿರನ್ನೇ ತಿಂದುಬಿಡುತ್ತೆ. ಮೆಟ್ಟಿಲಲ್ಲಿ ಬಿದ್ದಿರೋ ಹರಳು ಯೂರಿಯಾ. ನೀವು ಹಾಕಿದ್ರಾ ತಾಯಿ?”

“ಇಲ್ಲಪ್ಪ. ನಾನು ಹಾಕೋದು ಸಗಣಿ. ಅದೂ ನೀರಿಗೆ ಕೈ ಅದ್ದಿ ನೋಡ್ಕೊಂಡು. ಮೊಣಕೈ ಮುಳುಗೋದ್ರೊಳಗೆ ಅಂಗೈ ಕಾಣದಿದ್ರೆ ಹಸಿರು ಆಗಲೇ ಸಾಕಷ್ಟಿದೆ ಅಂತ, ಮತ್ತೆ ಹಾಕೋ ಹಾಗಿಲ್ಲ. ಕೈ ಮುರಿದ ಮೇಲೆ ಅದೂ ನಿಂತಿತ್ತು.”

ದಫೇದಾರ ಕೋಸಿನವನ ಕಡೆ ತಿರುಗಿದ. “ನಿನ್ನ ಕೋಸಿನ ಕೊನೇ ಸಾಲುಗಳಿಗೆ ಗೊಬ್ಬರ ಯಾಕೆ ಸಾಲಲಿಲ್ಲ?”

ಆತ ತನ್ನ ಹೊಲದ ಕಡೆ ಒಮ್ಮೆ ನೋಡಿ ಹೇಳಿದ: “ನೀರು ಹಸಿರಾದ್ರೆ ಮೀನು ಬೆಳೆಯುತ್ತೆ ಅಂತ ಅಕ್ಕನೇ ಹೇಳಿದ್ದಳು. ಅವಳ ಕೈ ಮುರಿದಿತ್ತಲ್ಲ, ಅವಳ ಬದಲು ನಾನೇ ಹಾಕೋಣ ಅಂದ್ಕೊಂಡೆ. ಎಲೆ ಬಿಳಚಿಕೊಂಡ್ರೆ ಎರಡು ಬೊಗಸೆ ಜಾಸ್ತಿ ಹಾಕೋದು ನಮ್ಮ ರೂಢಿ. ಇಲ್ಲೂ ಹಾಗೇ ಮಾಡಿದೆ. ಅರ್ಧ ಮೂಟೆ ಯೂರಿಯಾ ಸುರಿದೆ.”

“ಅಳತೆ ತಪ್ಪಿದ್ದನ್ನ ಕೈತಪ್ಪು ಅನ್ನೋಣ. ವ್ಯಾಪಾರಿ ಕಡೆ ಬೆರಳು ತೋರಿಸಿದ್ಯಲ್ಲ, ಅದು?”

“ನಿನ್ನೆ ಬೆಳಗ್ಗೆಯೇ ಮೀನೆಲ್ಲ ಉಸಿರಿಗಾಗಿ ಬಾಯಿ ಮೇಲೆತ್ತಿದ್ವು ಸಾರ್. ಹೇಳಿದ್ರೆ ಅಕ್ಕ ಮಾತು ಬಿಡ್ತಾಳೆ ಅಂತ ಸುಮ್ಮನಿದ್ದೆ. ಇವತ್ತೂ ಅದೇ ಭಯಕ್ಕೆ ವ್ಯಾಪಾರಿ ಮೇಲೆ ಹಾಕಿದೆ.”

ಕೊಳದಮ್ಮ ತೇಲುತ್ತಿದ್ದ ಒಂದು ಮೀನನ್ನು ಎಡಗೈಯಿಂದ ಎತ್ತಿ ದಡದಲ್ಲಿಟ್ಟಳು.

“ನಿನ್ನೆ ಹೇಳಿದ್ರೆ ಹೊಸ ನೀರು ಬಿಟ್ಟು ಅರ್ಧನಾದ್ರೂ ಉಳಿಸ್ಕೋತಿದ್ದೆ. ಕೇಸು ಬೇಡ ಅಪ್ಪ. ಆದ್ರೆ ಇವನು ಇನ್ನು ಬದು ದಾಟಿ ಬರೋದೂ ಬೇಡ.”

ಮರಿಗಳನ್ನು ಮತ್ತೆ ತಂದು ಬಿಡಬಹುದು. ಆದರೆ ಅಂದಿನಿಂದ ಸಂಜೆ ಆಕೆಯ ಜೊತೆ ಮಾತಾಡುವವರು ಯಾರೂ ಇರಲಿಲ್ಲ.