ಹರಿಹರದ ಹೆಸರಿನಲ್ಲಿ ನಾಲ್ಕು ಫ್ಲಾಪಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಚೈತ್ರಾ ತಾನು ನೋಡಿಕೊಳ್ಳುವ ಹರಿಹರದ ಪಾಲಿಟೆಕ್ನಿಕ್ ಲ್ಯಾಬಿನ ಎಂಟೂ ಕಂಪ್ಯೂಟರ್‌ಗಳನ್ನು ಚಾಲೂ ಮಾಡಿದಳು. ಎಂಟೂ ಒಂದೇ ಮಾತು ಹೇಳಿದವು—ಕಡತ ಸಿಗುತ್ತಿಲ್ಲ.

ಮೋಡೆಮ್ ಎಂದಿನಂತೆ ಕೀರಲು ದನಿ ಎಬ್ಬಿಸಿ ದಾವಣಗೆರೆಯನ್ನು ಹಿಡಿದಿತ್ತು. ಆ ಕಡೆಯಿಂದ ಮಾತ್ರ ಏನೂ ಇಳಿದು ಬರಲಿಲ್ಲ. ಅವಳು ಲೈನು ಬಿಡಿಸುತ್ತಿದ್ದಂತೆಯೇ ಫೋನ್ ಬಡಿದುಕೊಂಡಿತು. ದಾವಣಗೆರೆಯ ಕಂಪ್ಯೂಟರ್ ಎಂಜಿನಿಯರ್ ಬಸವಕಿರಣ್.

"ಚೈತ್ರಾ, ಇದ್ದಂಗೇ ಬಸ್ ಹತ್ತಿ ಬಾ. ಎಲ್ಲಾ ಅಳಿಸಿ ಹೋಗೈತೆ. ಮಕ್ಕಳ ಮಾರ್ಕ್ಸೂ ಇಲ್ಲ."

"ಯಾರು ಸರ್?"

ಆ ಕಡೆ ಹಾಳೆ ತಿರುವಿದ ಸದ್ದು.

"ನಿಮ್ಮ ಲ್ಯಾಬಿನ ಹೆಸರು ಬಂದೈತೆ."

ಸಾವಿರದ ಒಂಬೈನೂರ ತೊಂಬತ್ತೆಂಟರ ಜೂನ್ ಅದು. ವಿದ್ಯಾಸಂಘದ ಮೂರು ಕಾಲೇಜುಗಳಲ್ಲಿ ನಲವತ್ತು ಕಂಪ್ಯೂಟರ್‌ಗಳಿದ್ದವು. ಎಲ್ಲಕ್ಕೂ ಅಪ್ಪಣೆ ಹೋಗುತ್ತಿದ್ದುದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಕಚೇರಿಯಲ್ಲಿದ್ದ ಒಂದೇ ಸರ್ವರ್‌ನಿಂದ. ಸಿಬ್ಬಂದಿ ಅದನ್ನು 'ಯಜಮಾನ' ಎನ್ನುತ್ತಿದ್ದರು. ಯಾವ ಯಂತ್ರದಲ್ಲಿ ಯಾವ ತಂತ್ರಾಂಶ ಇರಬೇಕು, ಯಾರು ಏನನ್ನು ತೆರೆಯಬಹುದು—ಎಲ್ಲ ಯಜಮಾನನ ಇಚ್ಛೆ. ವೈರಸ್ ಭಯಕ್ಕೆ ಬಸವಕಿರಣ್ ಉಳಿದೆಲ್ಲ ಯಂತ್ರಗಳ ಫ್ಲಾಪಿ ಬಾಯಿಗಳನ್ನು ಮುಚ್ಚಿಸಿ, ಎರಡನ್ನು ಮಾತ್ರ ಬಿಟ್ಟಿದ್ದರು. ಒಂದು ಯಜಮಾನನ ಕೋಣೆಯಲ್ಲಿ, ಇನ್ನೊಂದು ಹರಿಹರದಲ್ಲಿ.

ಬಸ್ಸಿನಲ್ಲಿ ಚೈತ್ರಾಳಿಗೆ ಅಪ್ಪನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಹೊಲದ ಮನೆಯಿಂದ ಸಂಬಳದ ಕೆಲಸಕ್ಕೆ ಬಂದ ಮೊದಲನೆಯವಳು ಅವಳು. ಕೆಲಸ ಹೋದರೆ ಹೋಗಲಿ. ಮನೆ ಬಾಗಿಲಿಗೆ ಪೊಲೀಸರು ಬಂದರೆ?

ಸಂಘದ ಅಧ್ಯಕ್ಷ ಪರಮೇಶ್ವರಪ್ಪನವರ ಮೇಜಿನ ಮೇಲೆ ದೂರಿನ ಕಾಗದ ಆಗಲೇ ಬೆರಳಚ್ಚಾಗಿ ಬಿದ್ದಿತ್ತು. ಅದರಲ್ಲಿ ಅವಳ ಹೆಸರಿತ್ತು. ಪಕ್ಕದಲ್ಲಿ ಯಜಮಾನನ ದಿನಚರಿಯನ್ನು ಮುದ್ರಿಸಿದ ಉದ್ದನೆಯ ಹಾಳೆ. ಶನಿವಾರ ಮಧ್ಯಾಹ್ನ ಮೂರು ಹತ್ತಕ್ಕೆ ಹರಿಹರದ ಪಾಸ್‌ವರ್ಡ್ ಹಾಕಿ ಯಾರೋ ಒಳಹೊಕ್ಕಿದ್ದರು. ನಾಲ್ಕು ಫ್ಲಾಪಿಗಳಿಗೆ ನಕಲು ಮಾಡಿಕೊಂಡಿದ್ದರು. ಮೂರು ಇಪ್ಪತ್ತೆರಡಕ್ಕೆ ಎಲ್ಲವನ್ನೂ ಅಳಿಸಿದ್ದರು. ಪ್ರತಿ ಫ್ಲಾಪಿಗೂ ಒಂದು ಹೆಸರು ಕೊಡಬೇಕು, ಕೊಟ್ಟಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ LABH. ಆಮೇಲೆ 2, 3, 4.

"ಲ್ಯಾಬ್, ಎಚ್," ಎಂದರು ಪರಮೇಶ್ವರಪ್ಪ. "ಹರಿಹರದ ಲ್ಯಾಬು. ಇನ್ನೇನು ಬೇಕು? ನಾಲ್ಕಕ್ಕೆ ಕಮಿಟಿ ಕೂಡ್ತೈತೆ. ಅಲ್ಲಿಂದ ಕಾಗದ ಸೀದಾ ಠಾಣೆಗೆ."

"ನಾಲ್ಕರ ತನಕ ನನಗೆ ಬಿಡ್ರಿ ಪರಮೇಶ್ವರಪ್ಪ," ಎಂದು ಮೂಲೆಯಿಂದ ಒಂದು ದನಿ ಬಂತು.

ದ್ರಾಕ್ಷಾಯಣಮ್ಮ. ಮಹಿಳಾ ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಈಗ ಕಮಿಟಿಯ ಸದಸ್ಯೆ. ಅವರು ಮೊದಲು ಕೇಳಿದ್ದು ಕಂಪ್ಯೂಟರ್ ವಿಷಯವನ್ನಲ್ಲ.

"ಬೆಳಿಗ್ಗೆಯಿಂದ ಏನಾದ್ರೂ ತಿಂದೀಯೇನವ್ವ?"

ಚೈತ್ರಾ ಇಲ್ಲವೆಂದು ತಲೆಯಾಡಿಸಿದಳು. ಆಯಮ್ಮ ತಮ್ಮ ಬುತ್ತಿಯ ರೊಟ್ಟಿಯನ್ನು ಮುರಿದು ಕೊಟ್ಟು, ಅವಳು ತಿಂದು ಮುಗಿಸುವವರೆಗೆ ಮುಖ ನೋಡದೆ ಹಾಳೆ ಓದುತ್ತ ಕೂತರು.

ಆಮೇಲೆ ಪ್ರಶ್ನೆಗಳು. ಶನಿವಾರ ಮಧ್ಯಾಹ್ನ ಎಲ್ಲಿದ್ದೆ? ಲ್ಯಾಬಿನಲ್ಲಿ. ಯಾರಾದರೂ ನೋಡಿದ್ದಾರೆಯೇ? ಮೂರು ಗಂಟೆಗೆ ಪ್ರಿನ್ಸಿಪಾಲರು ಬಂದು ಹೋಗಿದ್ದರು. ಅದೇ ಅವಳಿಗೆ ಮುಳುವಾಗಿತ್ತು. ಒಬ್ಬಳೇ ಇದ್ದಳೆಂದು ಅವರೇ ಬರೆದುಕೊಟ್ಟಿದ್ದರು.

"ಒಂದು ಫ್ಲಾಪಿ ತುಂಬುವಷ್ಟು ಮಾಹಿತಿ ಇಲ್ಲಿಂದ ಹರಿಹರಕ್ಕೆ ಬರಾಕೆ ಎಷ್ಟು ಹೊತ್ತು ಬೇಕು?"

"ಲೈನ್ ಚೆನ್ನಾಗಿದ್ರೆ ಹತ್ತು ನಿಮಿಷರೀ. ಮಳೆ ಬಂದ್ರೆ ಇನ್ನೂ ಜಾಸ್ತಿ."

ದ್ರಾಕ್ಷಾಯಣಮ್ಮ ತಲೆಯಾಡಿಸಿ, ಬಸವಕಿರಣ್ ಕಡೆ ತಿರುಗಿದರು. ಶನಿವಾರ ಅವರು ನಕಲು ಕಾಯುವ ಟೇಪ್ ಯಂತ್ರವನ್ನು ರಿಪೇರಿಗೆ ಹುಬ್ಬಳ್ಳಿಗೆ ಒಯ್ದಿದ್ದರಂತೆ. ಅಂಗಡಿಯ ಚೀಟಿ ಇತ್ತು, ಮೂರು ಗಂಟೆಯ ಸಹಿಯೂ ಇತ್ತು.

"ಇವತ್ತು ಏನಾದ್ರೂ ಹೊಸದು ಆಗೋದಿತ್ತೇನಪ್ಪ?"

"ಹತ್ತಕ್ಕೆ ಎಣಿಕೆ ಶುರುವಾಗ್ಬೇಕಿತ್ತು ಮೇಡಂ. ಯಾವ ಯಂತ್ರ ಎಲ್ಲೈತೆ, ಅದರಾಗೆ ಏನೈತೆ ಅಂತ ಯಜಮಾನನೇ ಕೂಗಿ ಕೇಳಿ ಪಟ್ಟಿ ಮಾಡೋದು. ವಾರದ ಹಿಂದೇನೆ ನೋಟಿಸ್ ಹಾಕಿದ್ದೆ."

ಕೊನೆಗೆ ಕಚೇರಿಯ ಸೂಪರಿಂಟೆಂಡೆಂಟ್ ಕೊಟ್ಟೂರಪ್ಪ ಬಂದರು. ಐವತ್ತೈದರ ಮೃದು ಮನುಷ್ಯ. ಹೋದ ದೀಪಾವಳಿಗೆ ಹರಿಹರದ ಸಿಬ್ಬಂದಿಗೆ ಸಂಬಳ ತಡವಾದಾಗ ತಾವೇ ಬಸ್ಸಿನಲ್ಲಿ ಬಂದು ಕೊಟ್ಟು ಹೋದವರು. ಯಜಮಾನನ ಕೋಣೆಯ ಎರಡನೇ ಕೀಲಿ ಅವರ ಬೀರುವಿನಲ್ಲಿತ್ತು. ಶಾಖೆಗಳ ಪಾಸ್‌ವರ್ಡ್ ಬರೆದಿಟ್ಟ ಲಕೋಟೆಗಳೂ ಅಲ್ಲೇ ಇದ್ದವು.

"ನನ್ನೇನು ಕೇಳ್ತೀರಿ ಅಮ್ಮಾ? ಇಪ್ಪತ್ತೆರಡು ವರ್ಷ ಮಂಡಿಯಾಗೆ ಜೋಳ ಅಳೆಸಿದೋನು ನಾನು. ಈ ವಿದ್ಯೆ ನನಗೆಲ್ಲಿ ಬರ್ಬೇಕು?"

"ಹದಿನೈದು ದಿನದ ತರಬೇತಿಗೆ ನೀವೂ ಕೂತಿದ್ರಿ."

"ಕೂತಿದ್ದೆ. ನಿದ್ದೆ ಮಾಡಿದ್ದೆ."

ಎಲ್ಲರೂ ಸಣ್ಣಗೆ ನಕ್ಕರು. ಸ್ಟೋರಿನ ಫ್ಲಾಪಿ ಡಬ್ಬಿಯನ್ನು ತರಿಸಿ ಎಷ್ಟಿವೆ ನೋಡಿ ಎಂದರು ದ್ರಾಕ್ಷಾಯಣಮ್ಮ. ಕೊಟ್ಟೂರಪ್ಪ ಮೇಜಿನ ಮೇಲೆ ಒಂದೊಂದನ್ನೇ ಇಡುತ್ತ ಹೋದರು.

"ಲಾಭ... ಎರಡು... ಮೂರು... ನಾಕು... ಐದು... ಆರು. ಒಟ್ಟು ಹತ್ತು ಇದ್ವು. ನಾಕು ಹೋದ ವಾರ ಹರಿಹರಕ್ಕೆ ಕೊಟ್ಟೆ."

"ನನಗೆ ಕೊಟ್ಟಿಲ್ಲ ಸರ್," ಎಂದಳು ಚೈತ್ರಾ. ಆದರೆ ದಿನಚರಿಯ ಹಾಳೆಯಲ್ಲಿದ್ದವೂ ನಾಲ್ಕೇ. ಪರಮೇಶ್ವರಪ್ಪನವರು ಪೆನ್ನಿನ ಮುಚ್ಚಳ ತೆಗೆದು ದೂರಿನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸಹಿ ಬ್ಯಾಡ," ಎಂದರು ದ್ರಾಕ್ಷಾಯಣಮ್ಮ. "ಒಂದು ಸಣ್ಣ ಲೆಕ್ಕ ಐತೆ. ಹರಿಹರಕ್ಕೆ ಫೋನಿನಾಗೆ ನಾಲ್ಕು ಫ್ಲಾಪಿ ತುಂಬಾಕೆ ನಲವತ್ತು ನಿಮಿಷ ಬೇಕು. ಈ ಹಾಳೆ ಪ್ರಕಾರ ಹಿಡಿದಿದ್ದು ಹನ್ನೆರಡು. ಅಂದ್ರೆ ನಕಲು ಆಗಿದ್ದು ಹರಿಹರದಾಗಲ್ಲ, ಈ ಗೋಡೆ ಆಚೆಗೆ, ಯಜಮಾನನ ಕೋಣ್ಯಾಗೆ. ಮೂರು ಗಂಟೆಗೆ ಹರಿಹರದಾಗಿದ್ದ ಹುಡುಗಿ ಮೂರು ಹತ್ತಕ್ಕೆ ಇಲ್ಲಿರಾಕೆ ಆಗಲ್ಲ. ಪ್ರಿನ್ಸಿಪಾಲರ ಸಾಕ್ಷಿ ಅವಳನ್ನ ಸಿಗಿಸಲ್ಲ, ಬಿಡಿಸ್ತೈತೆ."

"ಮತ್ತೆ ಲ್ಯಾಬ್ ಎಚ್?" ಎಂದರು ಪರಮೇಶ್ವರಪ್ಪ.

"ಅದು ಲ್ಯಾಬ್ ಎಚ್ ಅಲ್ಲ. ಹಂಗೆ ಓದಿದ್ದು ನಾವು, ಇಂಗ್ಲಿಷ್ ಓದಿದೋರು. ಹರಿಹರದ್ದಾಗಿದ್ರೆ ಮಿಕ್ಕ ಮೂರರ ಮೇಲೂ ಹಂಗೇ ಇರ್ತಿತ್ತು. ಇಲ್ಲಿ ಎರಡು, ಮೂರು, ನಾಲ್ಕು ಐತೆ. ಒಂದು ಎಲ್ಲಿ ಹೋತು?"

ಚೈತ್ರಾಳಿಗೆ ಊರಿನ ಕಣ ನೆನಪಾಯಿತು. ಅವಳ ತಾತ ಗುತ್ತೆಪ್ಪ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ. ಒಂದು ಎಂದರೆ ರಾಶಿ ಒಂದಕ್ಕೇ ನಿಂತೀತೆಂದು ಅಳುಕು. ಲಾಭ ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಕೇಳಿದ ಮಾತು ಭಯದಲ್ಲಿ ಅವಳಿಗೇ ಹೊಳೆದಿರಲಿಲ್ಲ.

"ಲಾಭ," ಎಂದಳು ಮೆಲ್ಲಗೆ.

"ಹೂಂ. ಮಂಡಿಯಾಗೆ ಅಳೆಸಿದೋರ ನಾಲಿಗೆ ಮೊದಲನೇದಕ್ಕೆ ಬೇರೆ ಮಾತು ಆಡಲ್ಲ. ಹೆಸರು ಒತ್ತಿದ ಬೆರಳೂ ಆಡಲಿಲ್ಲ. ಈಗ ನಮ್ಮ ಮುಂದೇನೇ ಎಣಿಸಿದ್ರಿ, ಕೊಟ್ಟೂರಪ್ಪನವರೇ. ಪುಸ್ತಕದಾಗೆ ನಲವತ್ತು ಯಂತ್ರ ಅದಾವೆ. ಯಜಮಾನ ಎಣಿಸಿದ್ರೆ ಎಷ್ಟು ಸಿಗ್ತಿದ್ವು?"

ಕೊಟ್ಟೂರಪ್ಪ ಮೇಜಿನ ಮೇಲಿನ ಆರು ಫ್ಲಾಪಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಆಮೇಲೆ ಬಾಯಿ ಬಿಟ್ಟರು. ಮೂವತ್ತೇಳು. ಮೂರನ್ನು ವಿನೋಬನಗರದಲ್ಲಿ ಅಳಿಯ ತೆರೆದ ಟೈಪಿಂಗ್ ಶಾಲೆಗೆ ಕೊಟ್ಟಿದ್ದರು. ಕೇಳೋರಿಲ್ಲ ಅಂದುಕೊಂಡಿದ್ದರು. ಕೇಳುವ ಯಂತ್ರವೇ ಬಂತು. ಎಣಿಕೆ ಹದಿನೈದು ದಿನ ತಡವಾದರೆ ಸಾಕಿತ್ತು, ವಾಪಸ್ ತಂದಿಡುತ್ತಿದ್ದರಂತೆ.

ಅವರು ತಮ್ಮ ಕೈಚೀಲದಿಂದ ನಾಲ್ಕು ಫ್ಲಾಪಿ ತೆಗೆದಿಟ್ಟರು.

"ಮಕ್ಕಳ ಮಾರ್ಕ್ಸ್ ಹಾಳು ಮಾಡಾಕೆ ಕೈ ಬರಲಿಲ್ಲ ಅಮ್ಮಾ. ಅದಕ್ಕೇ ಮೊದ್ಲು ಕಾಪಿ ತಗೊಂಡೆ."

"ಮಕ್ಕಳ ಮಾರ್ಕ್ಸ್ ಉಳಿಸಿದ್ರಿ, ಒಳ್ಳೇದು. ಆ ಹದಿನೈದು ದಿನ ಈ ಮಗು ಎಲ್ಲಿರ್ತಿತ್ತು?"

ಬಸವಕಿರಣ್ ಫ್ಲಾಪಿಗಳನ್ನು ಚೈತ್ರಾಳ ಕೈಗೇ ಕೊಟ್ಟರು. ಯಜಮಾನನ ಕೋಣೆಯಲ್ಲಿ ಎಲ್ಲರೂ ಅವಳ ಬೆನ್ನ ಹಿಂದೆ ನಿಂತರು. ಮೂರು ಸಲೀಸಾಗಿ ಇಳಿದವು. ನಾಲ್ಕನೆಯದು ಗರಗರ ಎಂದು ತಿರುಗಿ ನಿಂತಿತು. ಅವಳು ಅದನ್ನು ಹೊರತೆಗೆದು, ಒರೆಸಿ, ಮತ್ತೆ ತುರುಕಿದಳು. ಅರ್ಧ ನಿಮಿಷ ಮತ್ತೆ ಗರಗರ. ಪರದೆಯ ಮೇಲೆ ಆರುನೂರು ಮಕ್ಕಳ ಹೆಸರುಗಳು ಸಾಲಾಗಿ ಏರತೊಡಗಿದವು.

ಪರಮೇಶ್ವರಪ್ಪನವರು ದೂರಿನ ಕಾಗದದಲ್ಲಿ ಅವಳ ಹೆಸರನ್ನು ಹೊಡೆದು ಹಾಕಿದರು. ಆ ಜಾಗದಲ್ಲಿ ಇನ್ನೊಂದು ಹೆಸರನ್ನು ಬರೆಯುವಾಗ ಅವರ ಕೈ ಎರಡು ಸಲ ತಡೆಯಿತು, ಆದರೂ ಬರೆದರು.

"ತಪ್ಪಾತವ್ವ," ಎಂದರು ಕೊಟ್ಟೂರಪ್ಪ, ಚೈತ್ರಾಳನ್ನು ನೋಡಲಾರದೆ.

ಇರ್ಲಿ ಬಿಡ್ರಿ ಎಂಬ ಮಾತು ಅಭ್ಯಾಸಬಲದಿಂದ ಅವಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು. ಕೊಟ್ಟೂರಪ್ಪ ಇನ್ನೂ ನಿಂತೇ ಇದ್ದರು. ಅವಳು ಎದ್ದು ತನ್ನ ಕುರ್ಚಿಯನ್ನು ಅವರ ಕಡೆ ಸರಿಸಿದಳು.

"ಕೂಡ್ರಿ ಸರ್," ಎಂದಳು, ಅಷ್ಟೇ.